ಸ್ಪೋರ್ಟ್ಸ್ ಕಾರಿಗೆ ಹಿಂದಿನ ಸ್ಪಾಯ್ಲರ್: ಗಾಳಿಯನ್ನು ನೋಡಿ, ಅಳೆದು, ಆಮೇಲೆ ಕೂರಿಸುವುದು ಹೇಗೆ

ಕಾರಿನ ಹಿಂದೆ ಸ್ಪಾಯ್ಲರ್ ಕಂಡರೆ ಜನ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, "ಅದೆಲ್ಲ ಸುಮ್ನೆ ಶೋಕಿಗೆ." ಇನ್ನೊಂದು, "ಅದಿದ್ರೆ ಕಾರು ನೆಲ ಕಚ್ಚಿಕೊಂಡು ಓಡುತ್ತೆ." ಎರಡೂ ಕೆಲವು ಕಾರುಗಳಿಗೆ ನಿಜ. ನಿಮ್ಮ ಕಾರಿಗೆ ಯಾವುದು ನಿಜ ಅಂತ ಗೊತ್ತಾಗಬೇಕಾದರೆ ಒಂದೇ ಪ್ರಶ್ನೆ ಕೇಳಬೇಕು: ಗಾಳಿ ನನ್ನ ಕಾರಿನ ಮೈಯನ್ನು ಎಲ್ಲಿ ಬಿಟ್ಟು ಹೋಗುತ್ತಿದೆ? ಅದು ಗೊತ್ತಾದರೆ ಯಾವ ಸ್ಪಾಯ್ಲರ್, ಎಲ್ಲಿ, ಎಷ್ಟು ಎತ್ತರ, ಯಾವ ಕೋನ ಅನ್ನುವುದೆಲ್ಲ ತಾನಾಗಿ ಹೊಂದಿಕೊಳ್ಳುತ್ತಾ ಹೋಗುತ್ತದೆ. ಅದು ಗೊತ್ತಿಲ್ಲದೆ ಎಷ್ಟೇ ದುಬಾರಿ ಕಾರ್ಬನ್ ಫೈಬರ್ ತುಂಡು ತಂದು ಕೂರಿಸಿದರೂ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳಲಾಗದು.

ಇದಕ್ಕೆ ಗಾಳಿ ಊದಿ ಕಾರು ಪರೀಕ್ಷಿಸುವ ವಿಂಡ್ ಟನೆಲ್ ಬೇಕಿಲ್ಲ. ಉಲ್ಲನ್ ದಾರ, ಟೇಪ್, ಒಂದು ಪಾರದರ್ಶಕ ಪೈಪ್, ಒಂದು ಕ್ಯಾಮೆರಾ, ಓಡಿಸಲು ಮುಚ್ಚಿದ ಟ್ರ್ಯಾಕ್, ಜೊತೆಗೆ ಒಬ್ಬ ಗೆಳೆಯ ಇದ್ದರೆ ಸಾಕು. ಸ್ವಲ್ಪ ತಾಳ್ಮೆಯೂ ಬೇಕು.

ಮೊದಲು ಒಂದು ವಿಷಯ: ಸ್ಪಾಯ್ಲರ್ ಬೇರೆ, ವಿಂಗ್ ಬೇರೆ

ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ, ಆದರೆ ಕೆಲಸ ಬೇರೆ ಬೇರೆ. ಸ್ಪಾಯ್ಲರ್ ಕಾರಿನ ಮೈಗೆ ಅಂಟಿಕೊಂಡಿರುತ್ತದೆ, ಅದರ ಕೆಳಗೆ ಗಾಳಿ ನುಗ್ಗಲು ಜಾಗ ಇರುವುದಿಲ್ಲ. ಮೈ ಮೇಲೆ ಹರಿದು ಬರುವ ಗಾಳಿಗೆ ಅಡ್ಡ ನಿಂತು, ಅದರ ದಾರಿ ಕೆಡಿಸುವುದು ಅದರ ಕೆಲಸ. ವಿಂಗ್ ಕಂಬಗಳ ಮೇಲೆ ಎತ್ತರದಲ್ಲಿ ನಿಲ್ಲುತ್ತದೆ. ಅದರ ಮೇಲೂ ಕೆಳಗೂ ಗಾಳಿ ಹರಿಯಬೇಕು. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದ ಹಾಗೆ ಅಂದುಕೊಳ್ಳಿ. ಕೆಳಗಿನ ಬದಿಯಲ್ಲಿ ಗಾಳಿ ಜೋರಾಗಿ ಹರಿದು ಒತ್ತಡ ಇಳಿಯುತ್ತದೆ, ಮೇಲೆ ಒತ್ತಡ ಜಾಸ್ತಿ ಇರುತ್ತದೆ, ಇಡೀ ರೆಕ್ಕೆ ಕೆಳಕ್ಕೆ ಎಳೆಯಲ್ಪಡುತ್ತದೆ.

ಹಾಗಾಗಿ ಸ್ಪಾಯ್ಲರ್ ಹೆಚ್ಚಾಗಿ ಲಿಫ್ಟನ್ನು, ಅಂದರೆ ಹಿಂಭಾಗ ಮೇಲೇಳುವ ಬಲವನ್ನು, ಕಡಿಮೆ ಮಾಡುತ್ತದೆ. ನಿಜವಾದ ಡೌನ್‌ಫೋರ್ಸ್, ಅಂದರೆ ಕಾರನ್ನು ನೆಲಕ್ಕೆ ಒತ್ತುವ ಬಲ, ಬೇಕು ಅಂದರೆ ಸಾಮಾನ್ಯವಾಗಿ ವಿಂಗ್ ಬೇಕಾಗುತ್ತದೆ. ರಸ್ತೆಯಲ್ಲಿ ಓಡುವ ಬಹುತೇಕ ಸ್ಪೋರ್ಟ್ಸ್ ಕಾರುಗಳಿಗೆ ಮೊದಲನೆಯದೇ ಸಾಕು, ಅದೂ ಚೆನ್ನಾಗಿ ಮಾಡಿದರೆ.

ಹೆಜ್ಜೆ 1: ಕಾರಿನ ಹಿಂಭಾಗದ ಆಕಾರ ಓದಿ

ಕಾರನ್ನು ಪಕ್ಕದಿಂದ ನೋಡಿ. ಕೆಳಗೆ ಸಪಾಟು, ಮೇಲೆ ಉಬ್ಬು. ರೂಫಿನ ಉಬ್ಬಿನ ಮೇಲೆ ಹಾಯುವಾಗ ಗಾಳಿಯ ವೇಗ ಹೆಚ್ಚುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಹಿಂದಿನ ಗಾಜಿನ ಇಳಿಜಾರು ಶುರುವಾಗುವ ಕಡೆಯಂತೂ ಈ ಹೀರಿಕೆ ತುಂಬಾ ಜೋರು. ಕಾರಿನ ಹಿಂಭಾಗ ವೇಗದಲ್ಲಿ ಹಗುರಾಗುವುದಕ್ಕೆ ಇದೇ ದೊಡ್ಡ ಕಾರಣ.

ಇಳಿಜಾರು ಮೆಲ್ಲಗಿದ್ದರೆ ಗಾಳಿ ಮೈಗೆ ಅಂಟಿಕೊಂಡೇ ಇಳಿಯುತ್ತದೆ. ಕಡಿದಾಗಿದ್ದರೆ ಇಳಿಯಲಾಗದೆ ಮೈ ಬಿಟ್ಟು ನೇರ ಹೋಗುತ್ತದೆ, ಹಿಂದೆ ಸುಳಿಗಳು ತುಂಬಿಕೊಳ್ಳುತ್ತವೆ. ಎಲ್ಲಿಗೆ ಇದು ಬದಲಾಗುತ್ತದೆ? ಕಾರಿನ ಗಾಳಿಶಾಸ್ತ್ರದಲ್ಲಿ ಎಲ್ಲರೂ ಬಳಸುವ ಒಂದು ಸರಳ ಮಾದರಿ ಇದೆ, ಅಹ್ಮದ್ ಬಾಡಿ ಅಂತ, 1984ರಿಂದ ಬಳಕೆಯಲ್ಲಿದೆ. ಮುಂದೆ ದುಂಡಗಿನ ಪೆಟ್ಟಿಗೆ, ಹಿಂದೆ ಇಳಿಜಾರು, ಅಷ್ಟೇ. ಅದರಲ್ಲಿ ಇಳಿಜಾರು 30 ಡಿಗ್ರಿ ಹತ್ತಿರ ಬಂದಾಗ ಡ್ರ್ಯಾಗ್, ಅಂದರೆ ಗಾಳಿ ಕಾರನ್ನು ಹಿಂದಕ್ಕೆ ಎಳೆಯುವ ಬಲ, ತುತ್ತತುದಿ ಮುಟ್ಟುತ್ತದೆ. ಅದು ದಾಟಿದ ಕೂಡಲೇ ಗಾಳಿ ಪೂರ್ತಿ ಮೈ ಬಿಟ್ಟು ಡ್ರ್ಯಾಗ್ ಒಮ್ಮೆಲೇ ಇಳಿಯುತ್ತದೆ. 30ಕ್ಕೆ ಹತ್ತಿರ ಇರುವಾಗ ಇಳಿಜಾರಿನ ಎರಡೂ ಅಂಚಿನಿಂದ ಬಲವಾದ ಸುಳಿಗಳು ಹುಟ್ಟಿ ಹಿಂದಕ್ಕೆ ಹಗ್ಗದ ಹಾಗೆ ಹೊಸೆದುಕೊಂಡು ಹೋಗುತ್ತವೆ. ಆ ಸುಳಿ ತಿರುಗಿಸಲು ಬೇಕಾದ ಶಕ್ತಿಯೆಲ್ಲ ನಿಮ್ಮ ಎಂಜಿನ್‌ನಿಂದಲೇ ಹೋಗುವುದು.

ನಿಮ್ಮ ಕಾರು ಈ ಮೂರರಲ್ಲಿ ಒಂದಾಗಿರುತ್ತದೆ.

ಫಾಸ್ಟ್‌ಬ್ಯಾಕ್: ರೂಫಿನಿಂದ ಹಿಂದಿನ ಬಂಪರ್‌ವರೆಗೆ ಒಂದೇ ಇಳಿಜಾರು. ಗಾಳಿ ಕೊನೆವರೆಗೂ ಅಂಟಿಕೊಂಡು ಬರುತ್ತದೆ, ಹಾಗಾಗಿ ಲಿಫ್ಟ್ ಜಾಸ್ತಿ. ಸ್ಪಾಯ್ಲರ್ ಇಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುತ್ತದೆ.

ಡಿಕ್ಕಿ ಇರುವ ಕೂಪೆ ಅಥವಾ ಸೆಡಾನ್: ಗಾಳಿ ಗಾಜಿನ ಮೇಲೆ ಸ್ವಲ್ಪ ಮೈ ಬಿಟ್ಟು, ಮತ್ತೆ ಡಿಕ್ಕಿ ಮುಚ್ಚಳದ ಮೇಲೆ ಬಂದು ಕೂರುತ್ತದೆ. ಕೂರುತ್ತದೋ ಇಲ್ಲವೋ, ಎಲ್ಲಿ ಕೂರುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಹ್ಯಾಚ್‌ಬ್ಯಾಕ್: ರೂಫಿನ ತುದಿಯಲ್ಲೇ ಗಾಳಿ ಬಿಟ್ಟು ಹೋಗುತ್ತದೆ. ಇಲ್ಲಿ ಸ್ಪಾಯ್ಲರ್ ಕೂರಬೇಕಾದದ್ದು ರೂಫಿನ ತುದಿಯಲ್ಲಿ. ಅದು ರೂಫನ್ನು ಸ್ವಲ್ಪ ಹಿಂದಕ್ಕೆ ಉದ್ದ ಮಾಡಿ, ಗಾಳಿ ಒಂದು ಚೂಪಾದ ಅಂಚಿನಿಂದ ಒಂದೇ ಸಮ ಬಿಟ್ಟು ಹೋಗುವ ಹಾಗೆ ಮಾಡುತ್ತದೆ.

ಫಾಸ್ಟ್‌ಬ್ಯಾಕ್ ವಿಷಯಕ್ಕೆ ಒಂದು ಉದಾಹರಣೆ ಕೊಡಲೇಬೇಕು, ಯಾಕಂದ್ರೆ ಇದರಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ. ಪೋರ್ಶೆ 911 ಕರೆರಾ ಆರ್‌ಎಸ್ 2.7, 1972ರಲ್ಲಿ ಬಂದದ್ದು. ಎಂಜಿನ್ ಮುಚ್ಚಳದ ತುದಿಯಲ್ಲಿ ಬಾತುಕೋಳಿ ಬಾಲದ ಹಾಗೆ ಮೇಲಕ್ಕೆ ಎದ್ದ ಒಂದು ಸಣ್ಣ ಅಂಚು. ಅಂಚು ಎದ್ದು ನಿಂತರೆ ಡ್ರ್ಯಾಗ್ ಹೆಚ್ಚಬೇಕಲ್ವಾ? ಆದರೆ ಹಿಂಭಾಗದ ಲಿಫ್ಟ್ ಇಳಿದದ್ದಲ್ಲದೆ, ಕಾರಿನ ಗರಿಷ್ಠ ವೇಗವೂ ಸುಮಾರು 4.5 ಕಿ.ಮೀ. ಹೆಚ್ಚಿ 245 ಕಿ.ಮೀ. ಆಯಿತು. ಇಳಿಜಾರಿನಲ್ಲಿ ಕೆಳಕ್ಕೆ ಧುಮುಕುತ್ತಿದ್ದ ಗಾಳಿಯನ್ನು ಆ ಅಂಚು ನೇರ ಹಿಂದಕ್ಕೆ ಕಳಿಸಿತು. ಅಂಚಿನ ಮುಂದೆ ಗಾಳಿ ನಿಧಾನವಾಗಿ ಒತ್ತಡ ಏರಿತು, ಆ ಒತ್ತಡ ಮುಚ್ಚಳವನ್ನು ಕೆಳಕ್ಕೂ ಸ್ವಲ್ಪ ಮುಂದಕ್ಕೂ ತಳ್ಳಿತು. ಇಳಿಜಾರಿನ ಮೇಲಿನ ಒತ್ತಡ ಯಾವಾಗಲೂ ಇಳಿಜಾರಿಗೆ ಲಂಬವಾಗಿ ತಳ್ಳುತ್ತದೆ, ಇಳಿಜಾರು ಹಿಂದಕ್ಕೆ ಮುಖ ಮಾಡಿದ್ದರೆ ತಳ್ಳುವುದು ಮುಂದಕ್ಕೇ. ನನಗೆ ಸ್ಪಾಯ್ಲರ್ ವಿಷಯದಲ್ಲಿ ನಿಜವಾದ ಆಸಕ್ತಿ ಹುಟ್ಟಿದ್ದು ಈ ಒಂದು ಸಂಗತಿ ಅರ್ಥವಾದ ದಿನ.

ಇದರ ಇನ್ನೊಂದು ಮುಖ ಮೊದಲ ತಲೆಮಾರಿನ ಆಡಿ ಟಿಟಿ. 1998ರಲ್ಲಿ ಬಂದಾಗ ಹಿಂಭಾಗ ಪೂರ್ತಿ ದುಂಡಗೆ, ಸ್ಪಾಯ್ಲರ್ ಇರಲಿಲ್ಲ. ತುಂಬಾ ವೇಗದಲ್ಲಿ ಲೇನ್ ಬದಲಿಸುವಾಗ, ತಿರುವಿನಲ್ಲಿ ಹಿಂಭಾಗ ಜಾರಿ ಅಪಘಾತಗಳಾದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಸಣ್ಣ ಸ್ಪಾಯ್ಲರ್ ಹಾಕಿತು, ಸಸ್ಪೆನ್ಷನ್ ಬದಲಿಸಿತು, ಕಾರು ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ಇಎಸ್‌ಪಿ ವ್ಯವಸ್ಥೆ ಸೇರಿಸಿತು. ನೋಡಲು ಮುದ್ದಾದ ದುಂಡು ಬಾಲ ಗಾಳಿಯ ದೃಷ್ಟಿಯಿಂದ ಕಷ್ಟದ ಆಕಾರ. ಗಾಳಿ ಎಲ್ಲಿ ಮೈ ಬಿಡಬೇಕು ಅನ್ನುವುದಕ್ಕೆ ಅಲ್ಲಿ ಒಂದು ಗುರುತಿನ ಗೆರೆಯೇ ಇರುವುದಿಲ್ಲ.

ಹೆಜ್ಜೆ 2: ನಿಮ್ಮ ವೇಗಕ್ಕೆ ಇದು ಬೇಕಾ ಅಂತ ಲೆಕ್ಕ ಹಾಕಿ

ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆ ಡ್ರ್ಯಾಗ್ ಎದುರಿಸಲು ಬೇಕಾದ ಎಂಜಿನ್ ಶಕ್ತಿ ಎಂಟು ಪಟ್ಟು.

ಲೆಕ್ಕ ಕಷ್ಟ ಏನಿಲ್ಲ. ಗಾಳಿಯ ಸಾಂದ್ರತೆ (ಸುಮಾರು 1.2) ಗುಣಿಸು ವೇಗದ ವರ್ಗ (ಸೆಕೆಂಡಿಗೆ ಮೀಟರ್‌ನಲ್ಲಿ), ಅದರ ಅರ್ಧ, ಅದನ್ನು ಕಾರಿನ ಮುಂಭಾಗದ ವಿಸ್ತೀರ್ಣದಿಂದ ಮತ್ತು ಲಿಫ್ಟ್ ಅಂಕಿಯಿಂದ (ಆ ಆಕಾರ ಎಷ್ಟು ಲಿಫ್ಟ್ ಹುಟ್ಟಿಸುತ್ತದೆ ಅನ್ನುವ ಗುಣಾಂಕ) ಗುಣಿಸಿ. ಬರುವ ಉತ್ತರ ನ್ಯೂಟನ್‌ನಲ್ಲಿ, ಕೆ.ಜಿ. ಬೇಕಾದರೆ 9.8ರಿಂದ ಭಾಗಿಸಿ. ಒಂದು ಕಾರಿನ ಮುಂಭಾಗ 2 ಚದರ ಮೀಟರ್, ಹಿಂದಿನ ಲಿಫ್ಟ್ ಅಂಕಿ 0.15 ಅಂತ ಇಟ್ಟುಕೊಳ್ಳಿ. ಆಗ ಹಿಂದಿನ ಚಕ್ರಗಳ ಮೇಲಿನ ಭಾರ ಎಷ್ಟು ಕಡಿಮೆಯಾಗುತ್ತದೆ ನೋಡಿ: 60 ಕಿ.ಮೀ. ವೇಗದಲ್ಲಿ ಸುಮಾರು 5 ಕೆ.ಜಿ., 100ರಲ್ಲಿ 14 ಕೆ.ಜಿ., 200ರಲ್ಲಿ 56 ಕೆ.ಜಿ., 250ರಲ್ಲಿ 88 ಕೆ.ಜಿ.

60ರಲ್ಲಿ 5 ಕೆ.ಜಿ. ಅಂದರೆ ಹಿಂದಿನ ಸೀಟಿನಿಂದ ಒಂದು ಬ್ಯಾಗ್ ತೆಗೆದ ಹಾಗೆ, ಗೊತ್ತೇ ಆಗುವುದಿಲ್ಲ. 250ರಲ್ಲಿ ಒಬ್ಬ ದೊಡ್ಡ ಮನುಷ್ಯನೇ ಹಿಂದಿನಿಂದ ಇಳಿದು ಹೋದ ಹಾಗೆ. ಆದ್ದರಿಂದ ನೀವು ಪೇಟೆಯೊಳಗೆ ಮಾತ್ರ ಓಡಿಸುವವರಾದರೆ ಸ್ಪಾಯ್ಲರ್ ಹಾಕಿ ತಪ್ಪೇನಿಲ್ಲ, ಆದರೆ ಅದು ಚೆಂದಕ್ಕೆ ಅಂತ ಒಪ್ಪಿಕೊಂಡು ಹಾಕಿ. 964 ಮಾದರಿಯ ಪೋರ್ಶೆ 911ರಲ್ಲಿ ಸ್ಪಾಯ್ಲರ್ ತಾನಾಗಿ ಮೇಲೇಳುವುದೇ ಸುಮಾರು 80 ಕಿ.ಮೀ. ದಾಟಿದ ಮೇಲೆ. ಅದಕ್ಕೂ ಕೆಳಗೆ ಅದಕ್ಕೆ ಮಾಡಲು ಕೆಲಸವಿಲ್ಲ.

ವರ್ಗದ ನಿಯಮ ಎಷ್ಟು ನಿಜ ಅಂತ ನೋಡಬೇಕಾದರೆ 2022ರ 911 ಜಿಟಿ3 ಆರ್‌ಎಸ್ ಅಂಕಿ ತಗೊಳ್ಳಿ. 200 ಕಿ.ಮೀ.ಯಲ್ಲಿ 409 ಕೆ.ಜಿ. ಡೌನ್‌ಫೋರ್ಸ್, 285ರಲ್ಲಿ 860 ಕೆ.ಜಿ. ವೇಗ ಒಂದೂವರೆ ಪಟ್ಟೂ ಆಗಿಲ್ಲ, ಬಲ ಎರಡು ಪಟ್ಟು ದಾಟಿದೆ.

ಹೆಜ್ಜೆ 3: ಉಲ್ಲನ್ ದಾರ ಅಂಟಿಸಿ ಗಾಳಿಯನ್ನು ಕಣ್ಣಾರೆ ನೋಡಿ

ಇಡೀ ಕೆಲಸದಲ್ಲಿ ಇದು ಅತಿ ಮುಖ್ಯ. ಇದೊಂದನ್ನು ಮಾಡಿ, ಉಳಿದದ್ದೆಲ್ಲ ಬಿಟ್ಟರೂ ನಿಮಗೆ ಬಹಳಷ್ಟು ಗೊತ್ತಾಗಿರುತ್ತದೆ.

ಕಾರಿನ ಬಣ್ಣಕ್ಕೆ ಎದ್ದು ಕಾಣುವ ಬಣ್ಣದ ತೆಳು ಉಲ್ಲನ್ ದಾರ ತಗೊಳ್ಳಿ. ದಪ್ಪ ಬೇಡ, ದಪ್ಪ ದಾರ ತನ್ನ ಭಾರಕ್ಕೇ ಬಿದ್ದುಕೊಂಡಿರುತ್ತದೆ. 6ರಿಂದ 8 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಒಂದು ತುದಿಯನ್ನು ಮಾತ್ರ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಇನ್ನೊಂದು ತುದಿ ಹಿಂದಕ್ಕೆ ಬಿಡಿ. ರೂಫಿನ ಹಿಂದಿನ ಅರ್ಧ, ಗಾಜು, ಡಿಕ್ಕಿ ಮುಚ್ಚಳ, ಅದರ ಎರಡೂ ಪಕ್ಕ, ಹಿಂದಿನ ಬಂಪರ್ ಮೇಲೂ ಕೂಡ. ಸಾಲುಗಳ ನಡುವೆ ಸುಮಾರು 10 ಸೆಂಟಿಮೀಟರ್. ಪಕ್ಕಪಕ್ಕದ ದಾರಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದು. ನೂರರ ಹತ್ತಿರ ತುಂಡು ಬೇಕಾಗುತ್ತದೆ. ಬೇಸರದ ಕೆಲಸ, ಆದರೂ ಅವಸರ ಮಾಡಬೇಡಿ. ಅಂಟಿಸುವ ಮೊದಲು ಮೈ ತೊಳೆದು ಒರೆಸಿ, ಧೂಳಿದ್ದರೆ ಟೇಪ್ ಅರ್ಧ ದಾರಿಯಲ್ಲೇ ಕಿತ್ತು ಬರುತ್ತದೆ.

ಗಾಳಿ ಇಲ್ಲದ ಬೆಳಗ್ಗೆ ಹೊತ್ತು ಆರಿಸಿ. ಇನ್ನೊಂದು ಕಾರಿನಲ್ಲಿ ಗೆಳೆಯ ಪಕ್ಕದ ಲೇನಿನಲ್ಲಿ, ಸಾಕಷ್ಟು ಅಂತರ ಬಿಟ್ಟು, ಸ್ವಲ್ಪ ಹಿಂದೆ ಬರಲಿ. ತೀರಾ ಹತ್ತಿರ ಬಂದರೆ ಅವನ ಕಾರಿನ ಗಾಳಿಯೇ ನಿಮ್ಮ ದಾರಗಳನ್ನು ಕದಲಿಸುತ್ತದೆ. ವಿಡಿಯೋ ಮಾಡುವವರು ಬೇರೆ, ಓಡಿಸುವವರು ಬೇರೆ ಆಗಿರಲೇಬೇಕು. ಇದೆಲ್ಲ ಮುಚ್ಚಿದ ಟ್ರ್ಯಾಕಿನಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ಬೇಡವೇ ಬೇಡ. 80 ಕಿ.ಮೀ. ವೇಗ ಸಾಕು. ಗಾಳಿಯ ದಾರಿ 80ರಲ್ಲೂ 160ರಲ್ಲೂ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಬಲ ಮಾತ್ರ ಬದಲಾಗುತ್ತದೆ.

ಈಗ ವಿಡಿಯೋ ನಿಧಾನ ಮಾಡಿ ನೋಡಿ. ನಾನು ಮೊದಲ ಸಲ ನೋಡಿದ್ದು ಒಂದು ಡಿಕ್ಕಿ ಇರುವ ಕೂಪೆಯ ಮೇಲೆ. ರೂಫಿನ ಮೇಲಿನ ದಾರಗಳು ಬಾಚಿದ ಕೂದಲಿನ ಹಾಗೆ ಒಂದೇ ಸಮ ಹಿಂದಕ್ಕೆ ಮಲಗಿದ್ದವು, ಚೂರೂ ಅಲುಗಾಟವಿಲ್ಲ. ಗಾಜಿನ ಮೇಲಿನ ಮೂರನೇ ಸಾಲಿಗೆ ಬರುವಾಗ ತುದಿಗಳು ನಡುಗತೊಡಗಿದವು. ಐದನೇ ಸಾಲಿನಲ್ಲಿ ದಾರಗಳು ಎದ್ದು ನಿಂತು ಸುತ್ತುತ್ತಿದ್ದವು, ಎರಡು ಮೂರು ದಾರಗಳಂತೂ ತಲೆ ತಿರುಗಿಸಿ ಕಾರಿನ ಮುಂಭಾಗಕ್ಕೆ ಮುಖ ಮಾಡಿದ್ದವು. ಅಂದರೆ ಅಲ್ಲಿ ಗಾಳಿ ಹಿಂದಿನಿಂದ ಮುಂದಕ್ಕೆ ಹರಿಯುತ್ತಿದೆ! ಡಿಕ್ಕಿ ಮುಚ್ಚಳದ ಅರ್ಧಕ್ಕೆ ಬಂದಾಗ ಮತ್ತೆ ಶಾಂತ. ಗಾಳಿ ಅಲ್ಲಿ ವಾಪಸ್ ಬಂದು ಕೂತಿತ್ತು.

ದಾರದ ಭಾಷೆ ಇಷ್ಟೇ. ಮಲಗಿ ಸುಮ್ಮನಿದ್ದರೆ ಗಾಳಿ ಅಂಟಿಕೊಂಡಿದೆ. ನಡುಗಿದರೆ ಬಿಡುವ ಅಂಚಿನಲ್ಲಿದೆ. ಸುತ್ತಿದರೆ, ಹಿಮ್ಮುಖವಾದರೆ ಬಿಟ್ಟಿದೆ. ಗಾಜಿನ ಎರಡು ಪಕ್ಕದಲ್ಲಿ ದಾರಗಳು ಓರೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಆ ಹೊಸೆದ ಸುಳಿಗಳು ಅಲ್ಲಿ ಹುಟ್ಟುತ್ತಿವೆ.

ಇದರಿಂದ ಜಾಗ ತೀರ್ಮಾನ ಮಾಡಿ. ದಾರಗಳು ಡಿಕ್ಕಿಯ ಹಿಂದಿನ ಅಂಚಿನಲ್ಲಿ ಮಲಗಿದ್ದರೆ ಅಲ್ಲಿ ಸ್ಪಾಯ್ಲರ್ ಹಾಕಿದರೆ ಕೆಲಸ ಮಾಡುತ್ತದೆ. ಅಲ್ಲೂ ಸುತ್ತುತ್ತಿದ್ದರೆ ಸತ್ತ ಗಾಳಿಯಲ್ಲಿ ಗಿಡ್ಡ ಸ್ಪಾಯ್ಲರ್ ಹಾಕಿ ಪ್ರಯೋಜನ ಕಡಿಮೆ, ಒಂದೋ ಎತ್ತರ ಬೇಕು, ಇಲ್ಲಾ ರೂಫಿನ ತುದಿಯಲ್ಲೇ ಏನಾದರೂ ಮಾಡಬೇಕು. ವಿಂಗ್ ಹಾಕುವವರಿಗೂ ಇದೇ ಮಾತು. ಸುಳಿ ಮುಗಿದು ನೇರ ಗಾಳಿ ಶುರುವಾಗುವ ಗೆರೆಯ ಕೆಳಗೆ, ಸುಳಿಯ ನಡುವೆ ನಿಂತ ವಿಂಗ್ ತೂಕ ಮತ್ತು ಡ್ರ್ಯಾಗ್ ಮಾತ್ರ ಕೊಡುತ್ತದೆ. ಎತ್ತರ ತಿಳಿಯಲು ಒಂದು ತೆಳು ಕೋಲನ್ನು ಡಿಕ್ಕಿ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಅದರ ಉದ್ದಕ್ಕೂ 5 ಸೆಂಟಿಮೀಟರ್‌ಗೆ ಒಂದರಂತೆ ದಾರ ಕಟ್ಟಿ ಓಡಿಸಿ. ಯಾವ ಎತ್ತರದಿಂದ ಮೇಲೆ ದಾರ ನೇರ ನಿಲ್ಲುತ್ತದೋ ವಿಂಗ್ ಅದಕ್ಕಿಂತ ಮೇಲಿರಬೇಕು.

ಹೆಜ್ಜೆ 4: ನೀರಿನ ಪೈಪಿನಿಂದ ಒತ್ತಡ ಅಳೆಯಿರಿ

ದಾರ ದಾರಿ ತೋರಿಸುತ್ತದೆ, ಬಲ ತೋರಿಸುವುದಿಲ್ಲ. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ಅರ್ಧ ತುಂಬಿಸಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಒಂದು ತುದಿಗೆ ಉದ್ದ ಪೈಪ್ ಸೇರಿಸಿ ಡಿಕ್ಕಿ ಮೇಲೆ ತನ್ನಿ. ಅಲ್ಲಿ ನಡುವೆ ಸಣ್ಣ ತೂತಿರುವ ತೆಳು ಬಿಲ್ಲೆಯ ಕೆಳಗೆ ಪೈಪಿನ ಬಾಯಿ ಬರುವಂತೆ ಅಂಟಿಸಿ, ತೂತು ಆಕಾಶ ನೋಡುತ್ತಿರಬೇಕು. ಇನ್ನೊಂದು ತುದಿ ಕಾರಿನೊಳಗೇ ಇರಲಿ. ಕಿಟಕಿ ಎಲ್ಲ ಮುಚ್ಚಿ, ಫ್ಯಾನ್ ಆಫ್ ಮಾಡಿ, ಪ್ರತಿ ಸಲವೂ ಹಾಗೆಯೇ ಇರಬೇಕು. ಆಗ ಮೊದಲು ಮತ್ತು ಆಮೇಲೆ ಅಂತ ಹೋಲಿಸಬಹುದು. ಅಂಕಿ ಓದುವುದು ಪಕ್ಕದಲ್ಲಿ ಕೂತವರ ಕೆಲಸ.

ಪೈಪಿನ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ 1 ಮಿಲಿಮೀಟರ್ ಬದಲಾದರೆ ಒತ್ತಡ ಸುಮಾರು 10 ಪಾಸ್ಕಲ್ ಬದಲಾದ ಹಾಗೆ. ನೂರರ ವೇಗದಲ್ಲಿ ಸ್ಪಾಯ್ಲರ್ ಇಲ್ಲದೆ ಒಂದು ಅಂಕಿ ಬಂತು, ಹಾಕಿದ ಮೇಲೆ 10 ಮಿಲಿಮೀಟರ್ ಹೆಚ್ಚಾಯಿತು ಅನ್ನಿ. ಡಿಕ್ಕಿ ಮುಚ್ಚಳ 1.2 ಮೀಟರ್ ಅಗಲ, 0.4 ಮೀಟರ್ ಉದ್ದ ಇದ್ದು, ಎಲ್ಲ ಕಡೆ ಅಷ್ಟೇ ಬದಲಾಗಿದ್ದರೆ ಹತ್ತಿರ ಹತ್ತಿರ 5 ಕೆ.ಜಿ. ತಳ್ಳಿದ ಹಾಗೆ. 200ರಲ್ಲಿ ಅದೇ 19 ಕೆ.ಜಿ. ಆಗುತ್ತದೆ. ಬಿಲ್ಲೆಯನ್ನು ನಾಲ್ಕೈದು ಕಡೆ ಸರಿಸಿ ಅಳೆಯಿರಿ, ಸ್ಪಾಯ್ಲರಿಗೆ ಹತ್ತಿರ ಬಂದಷ್ಟೂ ಬದಲಾವಣೆ ಜಾಸ್ತಿ ಕಾಣುತ್ತದೆ. ಡೌನ್‌ಫೋರ್ಸಿನ ದೊಡ್ಡ ಪಾಲು ಸ್ಪಾಯ್ಲರ್ ಮೇಲೆ ಬೀಳುವುದಿಲ್ಲ, ಅದರ ಮುಂದಿರುವ ಡಿಕ್ಕಿ ಮುಚ್ಚಳದ ಮೇಲೆ ಬೀಳುತ್ತದೆ. ಇದನ್ನು ಸ್ವಂತ ಅಂಕಿಯಲ್ಲಿ ನೋಡುವಾಗ ಬಹಳ ಖುಷಿಯಾಗುತ್ತದೆ.

ಹೆಜ್ಜೆ 5: ರಟ್ಟಿನಲ್ಲಿ ಮೊದಲು ಮಾಡಿ ನೋಡಿ

ದುಡ್ಡು ಕೊಡುವ ಮುಂಚೆ ಪ್ಲಾಸ್ಟಿಕ್ ರಟ್ಟು, ತೆಳು ಅಲ್ಯೂಮಿನಿಯಂ ತಗಡು, ಗಟ್ಟಿ ಟೇಪ್ ತಗೊಂಡು ಅಂಚು ಮಾಡಿ. 3, 5, 8 ಸೆಂಟಿಮೀಟರ್ ಎತ್ತರದ್ದು ಮೂರು. ಹಿಂದಿನಿಂದ ಆನಿಕೆ ಕೊಡಿ. 80ರಿಂದ 100 ಕಿ.ಮೀ. ಒಳಗೆ ಮಾತ್ರ ಓಡಿಸಿ, ಕಿತ್ತು ಹಾರಿದರೆ ಹಿಂದಿನವರಿಗೆ ಅಪಾಯ. ಪ್ರತಿಯೊಂದಕ್ಕೂ ದಾರ ನೋಡಿ, ನೀರು ನೋಡಿ, ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರ ಬದಲಿಸಿದ ದಿನ ಕೋನ ಮುಟ್ಟಬೇಡಿ.

ಸಾಮಾನ್ಯವಾಗಿ ಮೊದಲ ಕೆಲವು ಸೆಂಟಿಮೀಟರ್‌ನಲ್ಲೇ ದೊಡ್ಡ ಲಾಭ ಸಿಗುತ್ತದೆ, ಆಮೇಲೆ ಲಿಫ್ಟ್ ನಿಧಾನಕ್ಕೆ ಇಳಿಯುತ್ತದೆ, ಡ್ರ್ಯಾಗ್ ಮಾತ್ರ ಬೇಗ ಬೇಗ ಏರುತ್ತದೆ. ಅಂಚು ಚೂಪಾಗಿರಲಿ. ತುದಿಯನ್ನು ಉರುಟು ಮಾಡಿ ಪಾಲಿಷ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಉರುಟು ತುದಿಯ ಮೇಲೆ ಗಾಳಿ ಸುತ್ತಿಕೊಂಡು ಮತ್ತೆ ಕೆಳಕ್ಕೆ ಇಳಿಯಲು ನೋಡುತ್ತದೆ.

ಹೆಜ್ಜೆ 6: ವಿಂಗ್ ಹಾಕುವುದಾದರೆ ಕೋನ ಮತ್ತು ಗರ್ನಿ ಫ್ಲಾಪ್

ವಿಂಗಿನ ಕೋನವನ್ನು ನೆಲಕ್ಕೆ ಹೋಲಿಸಿ ಅಳೆದರೆ ಪೂರ್ತಿ ಸರಿಯಾಗದು. ರೂಫಿನಿಂದ ಇಳಿದು ಬರುವ ಗಾಳಿ ಈಗಾಗಲೇ ಕೆಳಮುಖವಾಗಿರುತ್ತದೆ, ಅದೂ ನಡುವೆ ಜಾಸ್ತಿ, ತುದಿಗಳಲ್ಲಿ ಕಡಿಮೆ. ಅದಕ್ಕೇ ಕೆಲವು ವಿಂಗ್‌ಗಳು ನಡುವೆ ಒಂದು ಕೋನ, ತುದಿಯಲ್ಲಿ ಇನ್ನೊಂದು ಕೋನ ಇರುವಂತೆ ತಿರುಚಿಕೊಂಡಿರುತ್ತವೆ. ಸೊನ್ನೆ ಹತ್ತಿರದಿಂದ ಶುರು ಮಾಡಿ, ಎರಡೆರಡು ಡಿಗ್ರಿ ಏರಿಸಿ. ವಿಂಗಿನ ಕೆಳಬದಿಗೆ ದಾರ ಅಂಟಿಸಿ, ಮೇಲೆ ಅಲ್ಲ. ಕೆಲಸ ಮಾಡುವುದು ಕೆಳಬದಿ, ಮೊದಲು ಕೈಕೊಡುವುದೂ ಅದೇ. ಒಂಟಿ ಹಲಗೆಯ ವಿಂಗ್ ಗಾಳಿಗೆ ಹತ್ತು ಹದಿನೈದು ಡಿಗ್ರಿ ಓರೆಯಾದಾಗ ಕೆಳಬದಿಯ ದಾರಗಳು ಸುತ್ತತೊಡಗುತ್ತವೆ. ಅದು ಸ್ಟಾಲ್. ಅಲ್ಲಿಂದ ಎರಡು ಮೂರು ಡಿಗ್ರಿ ವಾಪಸ್ ಬನ್ನಿ.

ಇನ್ನೂ ಸ್ವಲ್ಪ ಬೇಕು ಅನಿಸಿದರೆ ಗರ್ನಿ ಫ್ಲಾಪ್ ಹಾಕಿ. 1971ರಲ್ಲಿ ಡ್ಯಾನ್ ಗರ್ನಿ ತನ್ನ ರೇಸ್ ಕಾರಿನ ವಿಂಗಿನ ಹಿಂದಿನ ಅಂಚಿಗೆ ಒಂದು ಸಣ್ಣ ತಗಡಿನ ಪಟ್ಟಿ ನೆಟ್ಟಗೆ ನಿಲ್ಲಿಸಿದ್ದು, ಓಡಿಸಿದವನು ಬಾಬಿ ಅನ್ಸರ್. ವಿಂಗಿನ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 1ರಿಂದ 2 ಶೇಕಡಾ ಎತ್ತರ ಸಾಕು, ಅಂದರೆ 25 ಸೆಂಟಿಮೀಟರ್ ಅಗಲದ ವಿಂಗಿಗೆ ಬರೀ 2.5ರಿಂದ 5 ಮಿಲಿಮೀಟರ್. ಆ ಪಟ್ಟಿಯ ಹಿಂದೆ ಎರಡು ಪುಟ್ಟ ಸುಳಿ ಹುಟ್ಟಿ, ಕೆಳಬದಿಯ ಗಾಳಿಯನ್ನು ಕೊನೆವರೆಗೂ ಹಿಡಿದಿಟ್ಟುಕೊಳ್ಳುತ್ತವೆ. ಅಷ್ಟು ಚಿಕ್ಕ ಪಟ್ಟಿಯಿಂದ ಸಿಗುವ ಡೌನ್‌ಫೋರ್ಸ್, ಕೊಡಬೇಕಾದ ಡ್ರ್ಯಾಗಿಗೆ ಹೋಲಿಸಿದರೆ ತುಂಬಾ ಒಳ್ಳೆಯ ವ್ಯಾಪಾರ.

ಹೆಜ್ಜೆ 7: ಮುಂದಿನ ಚಕ್ರಗಳನ್ನು ಮರೆಯಬೇಡಿ

ಇಲ್ಲಿ ಎಡವುವವರೇ ಜಾಸ್ತಿ. ವಿಂಗ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರುತ್ತದೆ. ಸೀಸಾ ಆಟ ನೆನಪಿಸಿಕೊಳ್ಳಿ: ಹಿಂದಿನ ತುದಿ ಒತ್ತಿದರೆ ಮುಂದಿನ ತುದಿ ಏಳುತ್ತದೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ) 2.5 ಮೀಟರ್, ವಿಂಗ್ ಹಿಂದಿನ ಆಕ್ಸಲ್‌ನಿಂದ 0.8 ಮೀಟರ್ ಹಿಂದೆ, ಡೌನ್‌ಫೋರ್ಸ್ 100 ಕೆ.ಜಿ. ಅಂತ ಇಟ್ಟುಕೊಳ್ಳಿ. ಹಿಂದಿನ ಚಕ್ರಗಳಿಗೆ 132 ಕೆ.ಜಿ. ಸೇರುತ್ತದೆ, ಮುಂದಿನಿಂದ 32 ಕೆ.ಜಿ. ಹೋಗುತ್ತದೆ. ಅದರ ಮೇಲೆ, ವಿಂಗಿನ ಡ್ರ್ಯಾಗ್ 20 ಕೆ.ಜಿ. ಇದ್ದು ಅದು ನೆಲದಿಂದ 1.2 ಮೀಟರ್ ಎತ್ತರದಲ್ಲಿ ಹಿಂದಕ್ಕೆ ಎಳೆಯುವುದರಿಂದ ಇನ್ನೂ ಸುಮಾರು 10 ಕೆ.ಜಿ. ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಒಟ್ಟು 42 ಕೆ.ಜಿ. ಮುಂದೆ ಕಡಿಮೆ. ಜೋರು ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ನೋಡುತ್ತದೆ. ಹಿಂದೆ ಎಂಜಿನ್ ಇರುವ ಕಾರುಗಳಲ್ಲಿ ಮುಂದೆ ಮೊದಲೇ ಹಗುರ, ಅಲ್ಲಿ ಇನ್ನೂ ಎಚ್ಚರ ಬೇಕು.

ಹಾಗಾಗಿ ಹಿಂದೆ ಸೇರಿಸಿದಷ್ಟಕ್ಕೆ ತಕ್ಕಂತೆ ಮುಂದೆಯೂ ಸ್ಪ್ಲಿಟರ್ (ಬಂಪರ್ ಕೆಳಗೆ ಮುಂದಕ್ಕೆ ಚಾಚಿದ ಹಲಗೆ) ಅಥವಾ ಏರ್ ಡ್ಯಾಮ್ (ಗಾಳಿ ಕಾರಿನಡಿಗೆ ನುಗ್ಗದಂತೆ ತಡೆಯುವ ಅಡ್ಡಪಟ್ಟಿ) ಬೇಕು. ಆರ್‌ಎಸ್ 2.7ರಲ್ಲೂ ಹಿಂದಿನ ಬಾಲದ ಜೊತೆ ಮುಂದೆಯೂ ಸ್ಪಾಯ್ಲರ್ ಇತ್ತು. ಸಾಮಾನ್ಯ ರಸ್ತೆ ಕಾರಿನಲ್ಲಿ ವೇಗ ಹೆಚ್ಚಿದಂತೆ ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಜಾಸ್ತಿ ಗಟ್ಟಿಯಾಗುತ್ತಾ ಹೋದರೆ ಓಡಿಸುವವರಿಗೆ ನೆಮ್ಮದಿ. ಅದಕ್ಕಿಂತ ಅತಿಯಾದರೆ ತಿರುವು ಮಂದವಾಗುತ್ತದೆ.

ಹೆಜ್ಜೆ 8: ಗಟ್ಟಿಯಾಗಿ ಕೂರಿಸಿ

1969ರಲ್ಲಿ ಸ್ಪೇನಿನ ಮೊಂಜುಯಿಕ್ ಫಾರ್ಮುಲಾ ಒನ್ ರೇಸಿನಲ್ಲಿ ಲೋಟಸ್ ತಂಡದ ಗ್ರಹಾಂ ಹಿಲ್ ಮತ್ತು ಯೋಖೆನ್ ರಿಂಟ್ ಇಬ್ಬರ ಕಾರಿನ ಎತ್ತರದ ವಿಂಗ್‌ಗಳೂ ಮುರಿದು, ಇಬ್ಬರೂ ಅಪಘಾತಕ್ಕೆ ಸಿಕ್ಕರು. ಮುಂದಿನ ಮೊನಾಕೊ ರೇಸಿನ ಹೊತ್ತಿಗೇ ಎತ್ತರದ ವಿಂಗ್‌ಗಳನ್ನು ನಿಷೇಧಿಸಲಾಯಿತು. ಕೂರಿಸುವ ಕೆಲಸವನ್ನು ಹಗುರವಾಗಿ ತಗೊಳ್ಳಬಾರದು ಅನ್ನುವುದಕ್ಕೆ ಇದೊಂದು ಸಾಕು.

ಡಿಕ್ಕಿ ಮುಚ್ಚಳದ ತಗಡು ತುಂಬಾ ತೆಳು. ನನ್ನ ಗೆಳೆಯನೊಬ್ಬ ಅಂಗಡಿಯಲ್ಲಿ ಹಾಕಿಸಿಕೊಂಡ ವಿಂಗಿಗೆ ಕೆಳಗೆ ಬರೀ ಸಣ್ಣ ವಾಷರ್ ಕೊಟ್ಟಿದ್ದರು. ಮೂರು ಟ್ರ್ಯಾಕ್ ದಿನ ಆಗುವಷ್ಟರಲ್ಲಿ ಬೋಲ್ಟ್ ಸುತ್ತ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು, ಬೆರಳಿಟ್ಟು ಒತ್ತಿದರೆ ತಗಡು ಟಿಕ್ ಟಿಕ್ ಅಂತ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಬಿಚ್ಚಿ ನೋಡಿದರೆ ಎರಡು ತೂತು ಅಂಡಾಕಾರ ಆಗಿದ್ದವು.

ಆದ್ದರಿಂದ ತಗಡಿನ ಒಳಬದಿಗೆ ಕನಿಷ್ಠ ಅಂಗೈ ಅಗಲದ 3 ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟ್ ಕೊಡಿ, ಅಂಚು ಉಜ್ಜಿ. ದೊಡ್ಡ ವಿಂಗ್ ಆದರೆ ಮುಚ್ಚಳ ಬಿಟ್ಟು ನೇರ ಚಾಸಿಸ್‌ಗೆ ಕಂಬ ಇಳಿಸಿ. ತೂತು ಕೊರೆದ ಮೇಲೆ ಬರಿ ಲೋಹಕ್ಕೆ ಪ್ರೈಮರ್ ಹಚ್ಚದೆ ಬಿಟ್ಟರೆ ತುಕ್ಕು ಖಂಡಿತ, ನೀರು ಇಳಿಯದಂತೆ ಸೀಲಂಟ್ ಹಾಕಿ. ಅಲ್ಯೂಮಿನಿಯಂ ಪ್ಲೇಟ್ ಉಕ್ಕಿಗೆ ನೇರ ತಾಗದಂತೆ ನಡುವೆ ಬಣ್ಣವೋ ರಬ್ಬರೋ ಇರಲಿ. ಲಾಕ್‌ನಟ್ ಬಳಸಿ. ಅಂಟಿಸುವ ಸಣ್ಣ ಲಿಪ್ ಸ್ಪಾಯ್ಲರ್ ಆದರೆ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅಂಟು ಪೂರ್ತಿ ಹಿಡಿಯುವ ತನಕ ಒಂದು ದಿನವಾದರೂ ಓಡಿಸಬೇಡಿ, ತೊಳೆಯಬೇಡಿ.

ಕೂರಿಸಿದ ಮೇಲೆ ಲೆಕ್ಕ ಹಾಕಿದ ಡೌನ್‌ಫೋರ್ಸಿನಷ್ಟು ಮರಳು ಚೀಲವನ್ನು ವಿಂಗಿನ ಉದ್ದಕ್ಕೂ ಹರಡಿ ಇಡಿ. ಬಾಗುತ್ತದೆಯೇ, ಡಿಕ್ಕಿ ತಗಡು ಕುಗ್ಗುತ್ತದೆಯೇ ನೋಡಿ. ಇನ್ನು ಮೂರು ಸಣ್ಣ ವಿಷಯ: ಮೂರನೇ ಬ್ರೇಕ್ ಲೈಟ್ ಮರೆಯಾಗಬಾರದು, ಒಳಗಿನ ಕನ್ನಡಿಯಲ್ಲಿ ಹಿಂದೆ ಕಾಣಬೇಕು, ಹೆಚ್ಚಿನ ತೂಕಕ್ಕೆ ಡಿಕ್ಕಿಯ ಗ್ಯಾಸ್ ಸ್ಟ್ರಟ್ ಸೋತು ಮುಚ್ಚಳ ತಲೆ ಮೇಲೆ ಬೀಳಬಾರದು. ಕಾರಿನ ಅಗಲ ಮೀರಿ ಹೊರಗೆ ಚಾಚುವ ವಿಂಗ್ ಬೇಡ.

ಹೆಜ್ಜೆ 9: ಮತ್ತೆ ಅಳೆಯಿರಿ

ಡ್ರ್ಯಾಗಿಗೆ: ಸಮತಟ್ಟಾದ ಟ್ರ್ಯಾಕಿನಲ್ಲಿ 120ಕ್ಕೆ ಏರಿಸಿ, ನ್ಯೂಟ್ರಲ್ ಮಾಡಿ, 80ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. ಎರಡೂ ದಿಕ್ಕಿನಲ್ಲಿ, ತಲಾ ಐದು ಸಲ, ಸರಾಸರಿ ತೆಗೆಯಿರಿ. ಟೈರ್ ಒತ್ತಡ, ಪೆಟ್ರೋಲ್, ಒಳಗಿನ ಜನ ಎಲ್ಲ ಒಂದೇ ಇರಲಿ. ಡ್ರ್ಯಾಗ್ ಅಂಕಿ 0.02 ಹೆಚ್ಚಿದರೆ ನಮ್ಮ 2 ಚದರ ಮೀಟರ್ ಕಾರಿಗೆ 100ರಲ್ಲಿ ಒಂದು ಎಚ್‌ಪಿಯೂ ಹೋಗುವುದಿಲ್ಲ, 200ರಲ್ಲಿ ಐದೂವರೆ ಎಚ್‌ಪಿ ಹೋಗುತ್ತದೆ.

ಲಿಫ್ಟಿಗೆ: ಹಿಂದಿನ ಚಕ್ರದ ಮೇಲಿನ ಕಮಾನಿಗೆ ಸಣ್ಣ ಸ್ಕೇಲ್ ಅಂಟಿಸಿ, ಟೈರ್ ಮತ್ತು ಕಮಾನಿನ ನಡುವಿನ ಸಂದು ಕಾಣುವ ಹಾಗೆ ಕ್ಯಾಮೆರಾ ಕಟ್ಟಿ. ನಯವಾದ ಟ್ರ್ಯಾಕಿನಲ್ಲಿ ಒಂದೇ ವೇಗ ಹಿಡಿದು ಓಡಿಸಿ. ಒಂದು ಚಕ್ರದ ಸ್ಪ್ರಿಂಗ್ 1 ಮಿಲಿಮೀಟರ್ ಬಗ್ಗಲು 3 ಕೆ.ಜಿ. ಬೇಕಾದರೆ, ಎರಡಕ್ಕೂ ಸೇರಿ 6 ಕೆ.ಜಿ. ಸ್ಪಾಯ್ಲರ್ ಇಲ್ಲದಾಗ 200ರಲ್ಲಿ 56 ಕೆ.ಜಿ. ಲಿಫ್ಟ್ ಇದ್ದ ಆ ಕಾರಿನ ಹಿಂಭಾಗ ಸುಮಾರು 9 ಮಿಲಿಮೀಟರ್ ಎದ್ದಿರುತ್ತಿತ್ತು. ಸ್ಪಾಯ್ಲರ್ ಹಾಕಿ 4ಕ್ಕೆ ಇಳಿದರೆ 30 ಕೆ.ಜಿ. ವಾಪಸ್ ಸಿಕ್ಕಿದೆ. ಮುಂದಿನ ಚಕ್ರಕ್ಕೂ ಹೀಗೇ ಅಳೆಯಿರಿ, ಮುಂದೆ ಎಷ್ಟು ಎದ್ದಿದೆ ಅನ್ನುವುದು ಇಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಓಡಿಸಿ ನೋಡಿ. ಗೊತ್ತಿರುವ ಒಂದೇ ಜೋರು ತಿರುವು, ಅದೇ ಟೈರು, ಸ್ಪಾಯ್ಲರ್ ಇದ್ದು ಒಮ್ಮೆ, ಬಿಚ್ಚಿ ಒಮ್ಮೆ. ನಿಧಾನದ ತಿರುವಿನಲ್ಲಿ ಹಿಂಭಾಗ ಜಾರಿದರೆ ಅದು ಸಸ್ಪೆನ್ಷನ್, ಟೈರಿನ ವಿಷಯ, ವಿಂಗ್ ಮುಟ್ಟಬೇಡಿ. ವೇಗದ ತಿರುವಿನಲ್ಲಿ ಮಾತ್ರ ಜಾರಿದರೆ ಗಾಳಿಯ ವಿಷಯ, ಎರಡು ಡಿಗ್ರಿ ಏರಿಸಿ. ವೇಗದ ತಿರುವಿನಲ್ಲಿ ಮೂತಿ ಹೊರಗೆ ಹೋಗುತ್ತಿದ್ದರೆ ಎರಡು ಡಿಗ್ರಿ ಇಳಿಸಿ. ಮೊದಲ ಓಟ ಮುಗಿಸಿ ಬಂದ ಕೂಡಲೇ, ಎಂಜಿನ್ ಬಿಸಿ ಆರುವ ಮೊದಲೇ, ಡಿಕ್ಕಿ ತೆರೆದು ಪ್ರತಿ ನಟ್ ಮೇಲೆ ಸ್ಪ್ಯಾನರ್ ಇಟ್ಟು ನೋಡಿ, ಬೋಲ್ಟಿನಿಂದ ತಗಡಿಗೆ ಬರುವ ಹಾಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಮುಂದಿನ ಸಲ ಗೆರೆ ಜೋಡಿ ತಪ್ಪಿದ್ದರೆ ಆ ನಟ್ ಸಡಿಲವಾಗಿದೆ.